54 ಮೆಟ್ಟಿಲು, 118 ದಿನ

ನಮ್ಮ ಹಳೆ ಮನೆಗೆ 54 ಮೆಟ್ಟಿಲು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಹದಿನಾಲ್ಕು ವರ್ಷ ಹತ್ತಿ ಇಳಿದರೂ ನಾನು ಎಣಿಸಿರಲಿಲ್ಲ. ಎಣಿಸಿದ್ದು ಮಾವ. ಮಂಡಿ ಪೂರ್ತಿ ಕೈಕೊಟ್ಟ ಮೇಲೆ ಒಂದು ದಿನ ಡಾಕ್ಟರ ಹತ್ತಿರ ಹೋಗಿ ಬಂದರು. ಏದುಸಿರು ಬಿಡುತ್ತಾ ಕುರ್ಚಿಯಲ್ಲಿ ಕೂತು "ಐವತ್ನಾಲ್ಕು" ಅಂದರು. ಅಷ್ಟೇ. ಅದಾದ ಮೇಲೆ ನಾಲ್ಕು ತಿಂಗಳು ಅವರು ಕೆಳಗೆ ಇಳಿಯಲೇ ಇಲ್ಲ.

ಹಾಗಾಗಿ ನೆಲಮಹಡಿಯ ಮನೆ ಹುಡುಕಲು ಶುರು ಮಾಡಿದೆವು. ಈ ಮನೆ ಮಾರಿದ ದುಡ್ಡು ಬಂದರೆ ತಾನೇ ಆ ಮನೆ ಕೊಳ್ಳೋದು? ಆದರೆ ಮೊದಲು ಮಾರಿಬಿಟ್ಟರೆ ಮಾವನನ್ನು ಕರೆದುಕೊಂಡು ಎಲ್ಲಿಗೆ ಹೋಗೋದು? ಮೊದಲು ಕೊಂಡರೆ ದುಡ್ಡೆಲ್ಲಿ? ಈ ಎರಡು ಪ್ರಶ್ನೆಗಳನ್ನು ನಾನು, ನನ್ನ ಗಂಡ ಎಷ್ಟು ರಾತ್ರಿ ಮಾತಾಡಿದ್ದೇವೋ ಲೆಕ್ಕವಿಲ್ಲ. ಕೊನೆಗೆ ಉತ್ತರ ಸಿಗುವ ಮೊದಲೇ ಮನೆ ಸಿಕ್ಕಿತು. ಬಾಗಿಲಿಗೆ ಮೂರೇ ಮೆಟ್ಟಿಲು, ಬಚ್ಚಲು ಮಲಗುವ ಕೋಣೆಯ ಪಕ್ಕದಲ್ಲೇ. ಬಿಟ್ಟರೆ ಬೇರೆಯವರ ಪಾಲಾಗುತ್ತೆ ಅಂತ ಅಡ್ವಾನ್ಸ್ ಕೊಟ್ಟುಬಿಟ್ಟೆವು. ಅಗ್ರಿಮೆಂಟಿನಲ್ಲಿ 90 ದಿನ. ಅಷ್ಟರೊಳಗೆ ಪೂರ್ತಿ ಹಣ ಕೊಡದಿದ್ದರೆ ಅಡ್ವಾನ್ಸ್ ಹೋದಂತೆಯೇ.

"ನಮ್ಮ ಮನೆ ಮಾರಾಟವಾಗದಿದ್ದರೆ ಅಡ್ವಾನ್ಸ್ ವಾಪಸ್" ಅಂತ ಒಂದು ಸಾಲು ಬರೆಸಬಹುದಿತ್ತು. ಅಂಥ ಷರತ್ತು ಹಾಕುವುದು ಎಷ್ಟೋ ಕಡೆ ಇದೆ. ಮಾರುವವರು ಒಪ್ಪಲಿ ಬಿಡಲಿ, ಕೇಳಬೇಕಿತ್ತು. ನಾವು ಕೇಳಲಿಲ್ಲ. ಆ ಒಂದು ಸಾಲು ಇಲ್ಲದ್ದಕ್ಕೆ ನಾನು ಕಳೆದುಕೊಂಡ ನಿದ್ದೆ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ನೀವು ಈ ದಾರಿಯಲ್ಲಿದ್ದರೆ ದಯವಿಟ್ಟು ಕೇಳಿ.

ಹನ್ನೆರಡನೇ ದಿನ ನಮ್ಮ ಮನೆಗೆ ಮೊದಲ ಗಿರಾಕಿ ಬಂದರು. ನಾವು ಹೇಳಿದ್ದಕ್ಕಿಂತ ನೂರಕ್ಕೆ ಆರು ಭಾಗ ಕಡಿಮೆಗೆ ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಮಗ ಹೆಜ್ಜೆ ಹಾಕಲು ಕಲಿತ ಮನೆ, ಅದಕ್ಕೆ ಇಷ್ಟೇನಾ ಬೆಲೆ? ಆಗಲ್ಲ ಅಂದುಬಿಟ್ಟೆ. ಅದೇ ದಿನ ಸಂಜೆ ನಾವು ಕೊಳ್ಳಲಿದ್ದ ಮನೆಗೆ ಇನ್ನೊಮ್ಮೆ ಹೋಗಿದ್ದೆವು. ಅಲ್ಲಿ ನಾನೇ ಗೋಡೆ ಮುಟ್ಟಿ ಮುಟ್ಟಿ ನೋಡಿದೆ. "ಇಲ್ಲಿ ತೇವ ಇದೆ, ಕಿಟಕಿ ಚೌಕಟ್ಟು ಹಳೆಯದು, ಇನ್ನೂ ಸ್ವಲ್ಪ ಕಡಿಮೆ ಮಾಡಬೇಕಿತ್ತು" ಅಂದೆ. ಆ ಮನೆಯ ಯಜಮಾನರ ಮುಖ ಗಂಟಾಯಿತು. ಬೆಳಿಗ್ಗೆ ನನ್ನ ಮುಖವೂ ಹಾಗೇ ಇದ್ದಿರಬೇಕು ಅಂತ ವಾಪಸ್ ಬರುವಾಗ ದಾರಿಯಲ್ಲಿ ಹೊಳೆಯಿತು.

ಇದಕ್ಕೆ ಮನಶ್ಶಾಸ್ತ್ರದಲ್ಲಿ ಹೆಸರೇ ಇದೆಯಂತೆ, ಎಂಡೋಮೆಂಟ್ ಎಫೆಕ್ಟ್. ಡೇನಿಯಲ್ ಕಾನಮನ್, ಜ್ಯಾಕ್ ನೆಟ್ಷ್, ರಿಚರ್ಡ್ ಥೇಲರ್ ಸೇರಿ 1990ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಅರ್ಧ ವಿದ್ಯಾರ್ಥಿಗಳಿಗೆ ಸುಮ್ನೆ ಒಂದು ಮಗ್ಗು ಕೊಟ್ಟರು. ಆಮೇಲೆ ಎಷ್ಟಕ್ಕೆ ಮಾರುತ್ತೀರಿ ಅಂತ ಕೇಳಿದರು. ಮಗ್ಗು ಸಿಗದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಅಂತ ಕೇಳಿದರು. ಮಗ್ಗು ಕೈಯಲ್ಲಿದ್ದವರು ಸುಮಾರು ಎರಡು ಪಟ್ಟು ಜಾಸ್ತಿ ಹೇಳಿದರು. ಆಗಷ್ಟೇ ಕೈಗೆ ಬಂದ ಮಗ್ಗಿಗೇ ಹಾಗೆ. ಹದಿನಾಲ್ಕು ವರ್ಷ ಬಾಳಿದ ಮನೆ ಅಂದರೆ ಕೇಳಬೇಕೇ? ಇದನ್ನು ನಾನು ಓದಿದ್ದು ಆಮೇಲೆ. ಮೊದಲೇ ಓದಿದ್ದರೆ ಆ ಗಿರಾಕಿಯನ್ನು ಕೂರಿಸಿ ಮಾತಾಡುತ್ತಿದ್ದೆ. ಕೊನೆಗೆ ನಮ್ಮ ಮನೆ ಹೋಗಿದ್ದು ನೂರಕ್ಕೆ ಎಂಟು ಕಡಿಮೆಗೆ.

ಆಮೇಲಿನ ನಾಲ್ಕು ವಾರ ಬರೀ ನೋಡಿ ಹೋಗುವವರು. ಮನೆ ನೋಡಲು ಬರ್ತೀವಿ ಅಂತ ಅರ್ಧ ಗಂಟೆ ಮುಂಚೆ ಫೋನ್. ನಾನು ಆಫೀಸಿನಿಂದ ಓಡಿ ಬರಬೇಕು. ಮಗ ಪುಸ್ತಕ ಹರಡಿಕೊಂಡು ಓದುತ್ತಿದ್ದರೆ ಎತ್ತಿಡು ಅಂತ ಬೈಯಬೇಕು. ಒಗೆದ ಬಟ್ಟೆ ಮಂಚದ ಕೆಳಗೆ ತುರುಕಬೇಕು. ಬಂದವರು ನಮ್ಮ ಕಪಾಟು ತೆಗೆದು ನೋಡುತ್ತಾರೆ. ನಮ್ಮೆದುರೇ "ಈ ಗೋಡೆ ಒಡೆಸಬೇಕು" ಅನ್ನುತ್ತಾರೆ. ನಮ್ಮ ಮನೆಯಲ್ಲೇ ನಾವು ನೆಂಟರ ಹಾಗೆ ಒಂದು ಮೂಲೆಯಲ್ಲಿ ನಿಂತಿರಬೇಕು.

ಇದರಲ್ಲಿ ಒಂದು ವಿಷಯ ಬರೆಯಲೇಬೇಕು. ಬ್ರೋಕರ್ ಒಂದು ದಿನ ಮೆಲ್ಲಗೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಆ ವಾಕರ್ ಹಾಲ್‌ನಲ್ಲಿ ಇಡಬೇಡಿ. ನೋಡಿದವರಿಗೆ ಮೆಟ್ಟಿಲ ನೆನಪಾಗುತ್ತೆ. ಹಿರಿಯರೂ ಒಳಗಿದ್ದರೆ ಒಳ್ಳೇದು." ನಾನು ಒಪ್ಪಿಕೊಂಡೆ. ಶನಿವಾರ ಬೆಳಿಗ್ಗೆ ಮಾವನ ವಾಕರ್ ಎತ್ತಿ ಕಪಾಟಿನ ಹಿಂದೆ ಇಟ್ಟೆ. ಅವರನ್ನು ಕೈಹಿಡಿದು ಒಳಗೆ ಮಂಚದ ಮೇಲೆ ಕೂರಿಸಿದೆ. ಸ್ವಲ್ಪ ಹೊತ್ತು ಅಷ್ಟೇ ಮಾವ ಅಂದೆ. ಅವರು ತಲೆಯಾಡಿಸಿದರು.

ಮೂರನೇ ಶನಿವಾರ ಗಿರಾಕಿ ಬರುವ ಹೊತ್ತಿಗೆ ಹಾಲ್‌ಗೆ ಬಂದೆ. ವಾಕರ್ ಕಾಣಲಿಲ್ಲ. ಮಾವನೂ ಕಾಣಲಿಲ್ಲ. ಅವರೇ ಗೋಡೆ ಹಿಡಿದುಕೊಂಡು, ವಾಕರ್ ತಳ್ಳಿಕೊಂಡು ಹೋಗಿ ಕಪಾಟಿನ ಹಿಂದೆ ಇಟ್ಟು, ಮಂಚದ ಮೇಲೆ ಕೂತು ಬಾಗಿಲು ಮುಚ್ಚಿಕೊಂಡಿದ್ದರು. ಒಳಗೆ ಹೋದರೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ರೈಲಿಗೆ ಕಾಯುವವರ ಹಾಗೆ. "ಬಂದ್ರಾ?" ಅಂತ ಪಿಸುಗುಟ್ಟಿದರು.

ಇವರಿಗೋಸ್ಕರ ತಾನೇ ನಾವು ಇಷ್ಟೆಲ್ಲ ಮಾಡುತ್ತಿರುವುದು? ಅವರನ್ನೇ ಬಚ್ಚಿಡುತ್ತಿದ್ದೇನಲ್ಲ ಅನ್ನಿಸಿ ಗಂಟಲು ಕಟ್ಟಿತು. ವಾಕರ್ ತಂದು ಅವರ ಮುಂದೆ ಇಟ್ಟೆ. ಹೊರಗೆ ಕರೆದುಕೊಂಡು ಬಂದು ಅವರ ಕುರ್ಚಿಯಲ್ಲೇ ಕೂರಿಸಿದೆ. ಬ್ರೋಕರ್‌ಗೆ ಫೋನ್ ಮಾಡಿ, ಇನ್ನು ಮುಂದೆ ಹೀಗೇ ಅಂತ ಹೇಳಿದೆ.

41ನೇ ದಿನ ಒಬ್ಬರು ಒಪ್ಪಿದರು. ಕೈಕುಲುಕಿದೆವು, ಕರಾರು ಬರೆದೆವು. ನಾನು ಆವತ್ತು ರಾತ್ರಿ ಎಂಟು ಗಂಟೆ ನಿದ್ದೆ ಮಾಡಿದೆ. 63ನೇ ದಿನ ಎಲ್ಲ ಬಿದ್ದುಹೋಯಿತು. ಅವರ ಬ್ಯಾಂಕಿನವರು ಬಂದು ನಮ್ಮ ಮನೆಗೆ ಬೆಲೆ ಕಟ್ಟಿದ್ದರು. ಅದು ಒಪ್ಪಿಕೊಂಡ ಬೆಲೆಗಿಂತ ಕಡಿಮೆ ಬಂತು. ಬ್ಯಾಂಕು ಸಾಲ ಕೊಡುವುದು ತಾನು ಕಟ್ಟಿದ ಬೆಲೆ ನೋಡಿ. ಹಾಗಾಗಿ ಅವರಿಗೆ ಸಿಗುವ ಸಾಲ ಕುಗ್ಗಿತು. ಉಳಿದದ್ದನ್ನು ಕೈಯಿಂದ ಹಾಕಲು ಅವರ ಹತ್ತಿರ ಇರಲಿಲ್ಲ. ತಪ್ಪು ಅವರದ್ದೂ ಅಲ್ಲ, ನಮ್ಮದೂ ಅಲ್ಲ. ಆದರೆ ನಮಗೆ ಉಳಿದದ್ದು 27 ದಿನ.

ಆ ವಾರ ನನಗೆ ಆದದ್ದು ಹೇಳುತ್ತೇನೆ. ಬೆಳಗಿನ ಜಾವ ಮೂರಕ್ಕೆ ಎಚ್ಚರ. ಎದೆ ಡವಡವ. ಫೋನ್ ರಿಂಗಾದರೆ ಕೈ ನಡುಗುವುದು. ಮಗನ ಮೇಲೆ ಸಣ್ಣದಕ್ಕೂ ರೇಗುವುದು. ಗಂಡನ ಜೊತೆ ಮಾತು ಅಂದರೆ ಬರೀ ಲೆಕ್ಕ. ಅಂಥ ಒಂದು ರಾತ್ರಿ ಫೋನ್‌ನಲ್ಲಿ ಹುಡುಕುತ್ತಾ ಕೂತಾಗ ಥಾಮಸ್ ಹೋಮ್ಸ್, ರಿಚರ್ಡ್ ರಾಹೆ ಎಂಬ ಇಬ್ಬರು 1967ರಲ್ಲಿ ಮಾಡಿದ ಒತ್ತಡದ ಪಟ್ಟಿ ಸಿಕ್ಕಿತು. ಬದುಕಿನ 43 ಘಟನೆಗಳಿಗೆ ಅಂಕ ಕೊಟ್ಟಿದ್ದಾರೆ. ಸಂಗಾತಿಯ ಸಾವಿಗೆ 100. ಮನೆ ಬದಲಿಸಲು ಬರೀ 20! ದೊಡ್ಡ ಗೃಹಸಾಲಕ್ಕೆ 31, ಹಣದ ಸ್ಥಿತಿ ಬದಲಾದರೆ 38, ನಿದ್ದೆ ಕೆಟ್ಟರೆ 16. ನಾನು ಕೂತು ಎಲ್ಲ ಕೂಡಿದೆ. ಆದರೆ ಆ ಪಟ್ಟಿಯಲ್ಲಿ ಒಂದೊಂದೂ ಬೇರೆ ಬೇರೆ ಸಾಲಿನಲ್ಲಿ ಇದೆ. ನಮಗೆ ಹಾಗಿರಲಿಲ್ಲ. ಸಾಲ ಮಾರಾಟಕ್ಕೆ ಕಾಯುತ್ತಿತ್ತು, ಮಾರಾಟ ಯಾರೋ ಗೊತ್ತಿಲ್ಲದವರ ಬ್ಯಾಂಕಿಗೆ ಕಾಯುತ್ತಿತ್ತು, ನನ್ನ ನಿದ್ದೆ ಇವೆಲ್ಲಕ್ಕೂ ಕಾಯುತ್ತಿತ್ತು. ನಮ್ಮ ಕೈಯಲ್ಲಿ ಇಲ್ಲದ ತಾರೀಖಿಗೆ ಕಾಯುವುದಿದೆಯಲ್ಲ, ನನ್ನನ್ನು ಹಿಂಡಿದ್ದು ಅದು.

ಮಾರನೇ ದಿನ ಗಂಡ ಒಂದು ನೋಟ್‌ಬುಕ್ ತಂದು ಮುಂದೆ ಇಟ್ಟರು. ಬ್ಯಾಂಕಿನಲ್ಲಿ ಬ್ರಿಡ್ಜ್ ಲೋನ್ ಅಂತ ಕೊಡುತ್ತಾರೆ. ಹಳೆ ಮನೆ ಮಾರುವ ತನಕ ಹೊಸದನ್ನು ಕೊಳ್ಳಲು ಸ್ವಲ್ಪ ಕಾಲದ ಸಾಲ. ಬಡ್ಡಿ ಸಾಮಾನ್ಯವಾಗಿ ಜಾಸ್ತಿ. ಮನೆ ಮಾರಾಟವಾಗುವ ತನಕ ಹಳೆ ಕಂತೂ ಕಟ್ಟಬೇಕು, ಹೊಸ ಹೊರೆಯೂ ಹೊರಬೇಕು. ನನಗೆ ಆ ಹೆಸರು ಕೇಳಿದರೇ ಭಯ. ಗಂಡ ಕೇಳಿದ್ದು ಒಂದೇ ಪ್ರಶ್ನೆ: ಎರಡನ್ನೂ ಎಷ್ಟು ತಿಂಗಳು ತಡೆದುಕೊಳ್ಳಬಹುದು? ಸಂಬಳ, ಮಗನ ಫೀಸು, ಮಾವನ ಔಷಧಿ, ಕೂಡಿಟ್ಟದ್ದು ಎಲ್ಲ ಬರೆದೆವು. ಐದು ತಿಂಗಳು ಅಂತ ಬಂತು. ಆರನೇ ತಿಂಗಳು ಆಗಲ್ಲ. ಅಷ್ಟು ದಿನ ನನ್ನ ಭಯಕ್ಕೆ ತಳವೇ ಇರಲಿಲ್ಲ. ಆವತ್ತು ಅದಕ್ಕೊಂದು ಸಂಖ್ಯೆ ಸಿಕ್ಕಿತು. ಸಾಲ ಮಂಜೂರು ಮಾಡಿಸಿಟ್ಟುಕೊಂಡೆವು. ಕೊನೆಗೆ ಬಳಸಲಿಲ್ಲ. ಆದರೂ ಅದು ಇದೆ ಅನ್ನುವ ಧೈರ್ಯದಲ್ಲೇ ಉಳಿದ ದಿನ ಕಳೆದೆವು.

ಆಮೇಲೆ ಹೊಸ ಮನೆಯ ಯಜಮಾನರಿಗೆ ಫೋನ್ ಮಾಡಿ ಇನ್ನೂ 30 ದಿನ ಕೊಡಿ ಅಂದೆವು. ಎರಡು ದಿನ ಉತ್ತರವಿಲ್ಲ. ನಾನು ಅವರನ್ನು ಮನಸ್ಸಿನಲ್ಲೇ ಎಷ್ಟು ಬೈದೆನೋ. ನೇರ ಹೋಗಿ ಕೂತಾಗ ಗೊತ್ತಾಯಿತು. ಅವರೂ ಇನ್ನೊಂದು ಮನೆಗೆ ಅಡ್ವಾನ್ಸ್ ಕೊಟ್ಟಿದ್ದರು. ನಮ್ಮ ದುಡ್ಡು ಬಂದರೆ ಅಲ್ಲಿಗೆ ಕೊಡಬೇಕು. ಆ ಮನೆಯವರು ಇನ್ನೆಲ್ಲೋ ಕೊಡಬೇಕು. ಎರಡು ದಿನ ಅವರು ಸುಮ್ಮನಿದ್ದದ್ದು ಅಲ್ಲಿ ಟೈಮ್ ಕೇಳುತ್ತಿದ್ದರಂತೆ. ಅವರ ಹೆಂಡತಿಯ ಕಣ್ಣ ಕೆಳಗೆ ನನ್ನ ಕಣ್ಣ ಕೆಳಗಿದ್ದಂಥದೇ ಕಪ್ಪು. ಇಷ್ಟು ದಿನ ಅವರಿಗೂ ನಿದ್ದೆ ಇರಲಿಲ್ಲ, ಅದಕ್ಕೆ ಕಾರಣ ನಾವು. ಇನ್ನಷ್ಟು ಅಡ್ವಾನ್ಸ್ ತೆಗೆದುಕೊಂಡು 30 ದಿನ ಕೊಟ್ಟರು. ಆವತ್ತಿನಿಂದ ಪ್ರತಿ ಸೋಮವಾರ ನಾನೇ ಅವರಿಗೆ ಫೋನ್ ಮಾಡಿ ಎಲ್ಲಿಗೆ ಬಂತು ಅಂತ ಹೇಳುತ್ತಿದ್ದೆ. ಹೇಳಲು ಏನೂ ಇಲ್ಲದಿದ್ದರೆ "ಈ ವಾರ ಏನೂ ಆಗಿಲ್ಲ" ಅಂತಲೇ ಹೇಳುತ್ತಿದ್ದೆ. ನನಗೆ ಯಾರಾದರೂ ಹಾಗೆ ಹೇಳಿದ್ದರೆ ಎಷ್ಟು ನಿರಾಳವಾಗುತ್ತಿತ್ತು ಅಲ್ವಾ?

77ನೇ ದಿನ ಒಂದು ಚಿಕ್ಕ ವಯಸ್ಸಿನ ಜೋಡಿ ಬಂತು. ಬಾಡಿಗೆ ಮನೆಯಲ್ಲಿದ್ದವರು. ಮಾರಲು ಅವರಿಗೆ ಯಾವ ಮನೆಯೂ ಇರಲಿಲ್ಲ. ಸಾಲಕ್ಕೆ ಬ್ಯಾಂಕಿನ ಒಪ್ಪಿಗೆ ಮೊದಲೇ ತಂದಿದ್ದರು. ಹೀಗೆ ಒಂದಕ್ಕೊಂದು ಕಟ್ಟಿಕೊಂಡ ಸಾಲಿನಲ್ಲಿ ಅಂಥವರು ಸಿಕ್ಕರೆ ಪುಣ್ಯ, ಗಂಟು ಬಿಚ್ಚುವುದು ಅಲ್ಲಿಂದಲೇ. ಮಾವ ಕುರ್ಚಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ವಾಕರ್. ಆ ಹುಡುಗ ನೇರವಾಗಿ ಕೇಳಿದ, "ಯಾಕೆ ಮಾರ್ತಿದ್ದೀರಿ?" ನಾನು ಬಾಯಿ ತೆಗೆಯುವ ಮೊದಲೇ ಮಾವ ಹೇಳಿದರು, "ಐವತ್ನಾಲ್ಕು ಮೆಟ್ಟಿಲು ಮಗಾ, ನನ್ನ ಕೈಲಾಗಲ್ಲ. ಗಾಳಿ ಬೆಳಕು ಮಾತ್ರ ಚೆನ್ನಾಗಿದೆ." ಆ ಹುಡುಗಿ ನಕ್ಕಳು. ಮಾರನೇ ದಿನ ಒಪ್ಪಿದರು.

ಅವರ ಹತ್ತಿರ ನಾನು ಒಂದು ಕೇಳಿದೆ. ಮಾರಾಟ ರಿಜಿಸ್ಟರ್ ಆದ ಮೇಲೂ ಹತ್ತು ದಿನ ನಾವು ಇಲ್ಲೇ ಇರುತ್ತೇವೆ, ದಿನಕ್ಕಿಷ್ಟು ಬಾಡಿಗೆ ಕೊಡುತ್ತೇವೆ, ಕರಾರಿನಲ್ಲೇ ಬರೆಯೋಣ ಅಂತ. ಅವರು ತಕ್ಷಣ ಒಪ್ಪಿದರು. ಎಷ್ಟು ಸುಲಭವಾಗಿತ್ತು! ಇದಕ್ಕೋಸ್ಕರ ನಾನು ಸಾಮಾನೆಲ್ಲ ಗೋಡೌನಿಗೆ ಹಾಕಿ, ಮಾವನನ್ನು ನಾದಿನಿ ಮನೆಗೆ ಕಳಿಸಿ, ನಾವು ಇನ್ನೆಲ್ಲೋ ಇರುವ ಲೆಕ್ಕ ಹಾಕಿಟ್ಟಿದ್ದೆ. ಎರಡು ಸಲ ಸಾಗಿಸುವ ಖರ್ಚು, ಸಂಕಟ ಎರಡೂ ತಪ್ಪಿತು.

108ನೇ ದಿನ ನಮ್ಮ ಮನೆ ಅವರದ್ದಾಯಿತು. ಅವರ ಬ್ಯಾಂಕಿನ ದುಡ್ಡು ಮೊದಲು ನಮ್ಮ ಹಳೆ ಸಾಲಕ್ಕೆ ಹೋಯಿತು, ಉಳಿದದ್ದು ನಮಗೆ. ಸಾಲದ ಬಾಕಿಗೆ ದಿನ ದಿನವೂ ಬಡ್ಡಿ ಸೇರುತ್ತದೆ. ಹಾಗಾಗಿ ಬ್ಯಾಂಕು ಕೊಡುವ ಬಾಕಿ ಪತ್ರಕ್ಕೂ ಒಂದು ತಾರೀಖಿನ ಮಿತಿ ಇರುತ್ತದೆ. ನಮ್ಮದು ಒಮ್ಮೆ ದಾಟಿಹೋಗಿ ಎರಡನೇ ಸಲ ತರಬೇಕಾಯಿತು. 112ನೇ ದಿನ ಹೊಸ ಮನೆ ನಮ್ಮ ಹೆಸರಿಗೆ. ನಡುವಿನ ಆ ನಾಲ್ಕು ದಿನ ನಮಗೆ ಯಾವ ಮನೆಯೂ ಇರಲಿಲ್ಲ. ನಾನು ಅಡುಗೆ ಮನೆ ಒರೆಸುವಾಗ, ಇದು ಬೇರೆಯವರ ಮನೆ ಅಂತ ಇನ್ನೂ ಹುಷಾರಾಗಿ ಒರೆಸಿದೆ.

118ನೇ ದಿನ ಹೊರಟೆವು. ಆ ಜೋಡಿಗೆ ಒಂದು ಹಾಳೆ ಬರೆದಿಟ್ಟು ಬಂದೆ. ಯಾವ ನಲ್ಲಿ ಬಿಗಿ, ಯಾವ ಕಿಟಕಿಯಿಂದ ಮಳೆ ನೀರು ಒಳಗೆ ಬರುತ್ತೆ, ಯಾವ ಸ್ವಿಚ್ ಯಾವ ದೀಪಕ್ಕೆ. ಮಾವನನ್ನು ಇಬ್ಬರು ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಅವರು ಎಣಿಸುತ್ತಿದ್ದರೋ ಏನೋ, ತುಟಿ ಅಲ್ಲಾಡುತ್ತಿತ್ತು.

ಇಲ್ಲಿಗೆ ಬಂದು ಮೂರು ವಾರವಾಯಿತು. ಹಳೆ ಸಾಲ ತೀರಿದ ಪತ್ರ ಬ್ಯಾಂಕಿನಿಂದ ಇನ್ನೂ ಕೈಗೆ ಬಂದಿಲ್ಲ. ಇವತ್ತು ಬೆಳಿಗ್ಗೆ ಅದಕ್ಕೆ ಫೋನ್ ಹಚ್ಚಿ ಕಾಯುತ್ತಾ ಕಿಟಕಿ ಹತ್ತಿರ ನಿಂತಿದ್ದೆ. ಮಾವ ಯಾರನ್ನೂ ಕರೆಯದೆ ಮೂರು ಮೆಟ್ಟಿಲು ಇಳಿದು, ಗೇಟಿನ ಹತ್ತಿರ ವಾಕರ್ ಹಿಡಿದು ನಿಂತು, ದಾರಿಯಲ್ಲಿ ಹೋಗುವ ಯಾರ ಜೊತೆಗೋ ಮಾತಾಡುತ್ತಿದ್ದರು.