ಮೆಡಿಕಲ್ ಸಿಗಲಿಲ್ಲ, ಏನಾದ್ರೂ ಕೋರ್ಸ್ ಹೇಳಿ

ನೀಟ್ ಫಲಿತಾಂಶ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ನಾನು ಓದಿದ್ದು ಬಿ.ಎಸ್ಸಿ ಎಂಎಲ್‌ಟಿ, ಅಂದರೆ ಲ್ಯಾಬ್ ಟೆಕ್ನಾಲಜಿ. ಆಸ್ಪತ್ರೆಯ ಲ್ಯಾಬಿನಲ್ಲಿ 14 ವರ್ಷದಿಂದ ಇದ್ದೇನೆ. ಹಾಗಾಗಿ ನೆಂಟರು, ನೆಂಟರ ನೆಂಟರು, ಮೇಲಿನ ಮನೆಯವರ ಆಫೀಸಿನವರು, ಎಲ್ಲರ ಹತ್ತಿರವೂ ನನ್ನ ನಂಬರ್ ಇದೆ. ಪ್ರಶ್ನೆ ಒಂದೇ. "ಮಗಳಿಗೆ ಮೆಡಿಕಲ್ ಸಿಗಲಿಲ್ಲ. ಹೆಲ್ತ್ ಲೈನಲ್ಲೇ ಏನಾದ್ರೂ ಕೋರ್ಸ್ ಹೇಳಿ."

ಈ "ಏನಾದ್ರೂ" ಇದೆಯಲ್ಲ, ನನ್ನ ಸಿಟ್ಟೆಲ್ಲ ಅದರ ಮೇಲೆ. ಹೋಟೆಲಲ್ಲಿ ಮಸಾಲೆ ದೋಸೆ ಮುಗೀತು ಅಂದಾಗ "ಸರಿ, ಏನಿದೆಯೋ ಅದನ್ನ ಕೊಡಿ" ಅನ್ನುವ ಧಾಟಿ. ನಾನು ಆ "ಏನಿದೆಯೋ ಅದು".

ಇನ್ನು ಕೆಲವರು "ಸಣ್ಣ ಕೋರ್ಸ್" ಅನ್ನುತ್ತಾರೆ. ಸ್ವಲ್ಪ ಲೆಕ್ಕ ಹಾಕೋಣ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಫಾರ್ಮ್.ಡಿ, ಅಂದರೆ ಫಾರ್ಮಸಿಯ ಡಾಕ್ಟರ್ ಪದವಿ, ಇಂಟರ್ನ್‌ಶಿಪ್ ಸೇರಿ 6 ವರ್ಷ! 2008ರಲ್ಲಿ ಶುರುವಾದ ಕೋರ್ಸ್ ಅದು, ಎಂಬಿಬಿಎಸ್‌ಗಿಂತ ಅರ್ಧ ವರ್ಷ ಜಾಸ್ತಿ. ಆದರೂ ಸಣ್ಣದು. ಬಿ.ಎಸ್ಸಿ ನರ್ಸಿಂಗ್ 4 ವರ್ಷ. ಫಿಸಿಯೋಥೆರಪಿ ಅದಕ್ಕಿಂತ ಜಾಸ್ತಿ. ಬಯಾಲಜಿ ಬಿಟ್ಟು ಮ್ಯಾಥ್ಸ್ ತಗೊಂಡವರಿಗೂ ಬಿ.ಫಾರ್ಮ್ ಸಿಗುತ್ತದೆ. ಬಿಡಿಎಸ್ (ಹಲ್ಲಿನ ಡಾಕ್ಟರ್ ಕೋರ್ಸ್), ಆಯುರ್ವೇದ, ಹೋಮಿಯೋಪತಿಗೆ ನೀಟ್ ಬೇಕೇ ಬೇಕು. ಉಳಿದ ಪ್ರವೇಶದ ನಿಯಮಗಳು ಬದಲಾಗುತ್ತಲೇ ಇರುತ್ತವೆ, ಅದಕ್ಕೆ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟ್ ಇದೆ, ನನ್ನ ಊಟದ ಹೊತ್ತಲ್ಲ.

ನಮ್ಮ ಹೆಸರಿನ ಕಥೆ ಬೇರೆ. ನರ್ಸಿಂಗಿಗೆ 1947ರಲ್ಲೇ ಕಾಯ್ದೆ ಬಂತು, ಫಾರ್ಮಸಿಗೆ 1948ರಲ್ಲಿ. ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್ ಟೆಕ್ನಾಲಜಿ ಓದಿದವರಿಗೆಲ್ಲ ಸೇರಿ ದೇಶಕ್ಕೊಂದು ಕಾಯ್ದೆ ಅಂತ ಬಂದಿದ್ದು 2021ರಲ್ಲಿ. ಅದರಲ್ಲಿ ನಮ್ಮನ್ನು ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನಲ್ಸ್ ಅಂದಿದ್ದಾರೆ. ಜನ ಇನ್ನೂ "ಬ್ಲಡ್ ತೆಗೆಯೋರು" ಅನ್ನುತ್ತಾರೆ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ. ಏಳೂಕಾಲು ಇರಬಹುದು, ಖಾಲಿ ಹೊಟ್ಟೆಯಲ್ಲಿ ಶುಗರ್ ಟೆಸ್ಟಿಗೆ ಬಂದವರ ಸಾಲು, ಹಸಿದವರ ಮುಖ ಹೇಗಿರುತ್ತೆ ಗೊತ್ತಲ್ಲ. ಒಬ್ಬರು ಕೂತರು. ತೋಳಿಗೆ ಪಟ್ಟಿ ಕಟ್ಟಿದೆ, ಮುಷ್ಟಿ ಹಿಡೀರಿ ಅಂದೆ, ಸೂಜಿ ಹಾಕಿದೆ. ರಕ್ತ ಬರುತ್ತಿದೆ. ಆಗಲೇ ಅವರಿಗೆ ನೆನಪಾಗಬೇಕೆ!

"ನೀವೇನು ಓದಿದ್ದು ಮೇಡಂ? ನಮ್ಮ ಹುಡುಗೀಗೂ ಮೆಡಿಕಲ್ ಸಿಗಲಿಲ್ಲ. ನಿಮ್ಮ ಥರ ಸಣ್ಣದು ಏನಾದ್ರೂ ಕೊಡಿಸೋಣ ಅಂತ."

ಸೂಜಿಯ ಒಂದು ತುದಿ ಅವರ ರಕ್ತನಾಳದಲ್ಲಿದೆ, ಇನ್ನೊಂದು ತುದಿ ನನ್ನ ಕೈಯಲ್ಲಿದೆ. ಧೈರ್ಯ ಮೆಚ್ಚಬೇಕು.

ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ಆ ಹೊತ್ತಿಗೆ ಎಷ್ಟೋ ಜನ ಮುಖ ತಿರುಗಿಸುತ್ತಾರೆ. ಇವಳು ತಿರುಗಿಸಲಿಲ್ಲ. ನಾನು ನೇರಳೆ ಮುಚ್ಚಳದ ಟ್ಯೂಬನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡುತ್ತಿದ್ದೆ.

"ಅದನ್ಯಾಕೆ ಹಾಗೆ ತಿರುಗಿಸ್ತೀರಾ?"

ಒಳಗೆ ಇಡಿಟಿಎ ಅನ್ನುವ ರಾಸಾಯನಿಕ ಇದೆ, ಅಂದೆ. ರಕ್ತ ಹೆಪ್ಪುಗಟ್ಟೋಕೆ ಕ್ಯಾಲ್ಸಿಯಂ ಬೇಕು, ಇದು ಆ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಸರಿಯಾಗಿ ಬೆರೆಯದಿದ್ದರೆ ರಕ್ತ ಅಲ್ಲಲ್ಲಿ ಹೆಪ್ಪುಗಟ್ಟಿ, ಪ್ಲೇಟ್‌ಲೆಟ್‌ಗಳು (ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣಗಳು) ಅದರಲ್ಲಿ ಸಿಕ್ಕಿಹಾಕಿಕೊಂಡು, ಮಿಷನ್ ಕಡಿಮೆ ಎಣಿಸುತ್ತದೆ. ಡೆಂಗಿ ಸಮಯದಲ್ಲಿ ಅಂಥ ಒಂದು ಸುಳ್ಳು ಸಂಖ್ಯೆ ಸಾಕು, ಮನೆಮಂದಿಯೆಲ್ಲ ಕಂಗಾಲು. ಹಾಗಂತ ಜೋರಾಗಿ ಕುಲುಕಿದರೆ ಕೆಂಪು ಕಣ ಒಡೆಯುತ್ತದೆ.

"ಹಾಗಾದ್ರೆ ಕಡಿಮೆ ಬಂದಾಗ, ಅದು ನಿಜವೋ ಸುಳ್ಳೋ ಹೇಗೆ ಗೊತ್ತಾಗುತ್ತೆ?"

ಇಷ್ಟು ವರ್ಷದಲ್ಲಿ ಸಾಲಲ್ಲಿ ನಿಂತ ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ. ಟ್ಯೂಬಿನಲ್ಲಿ ಗಡ್ಡೆ ಇದೆಯಾ ನೋಡಬೇಕು, ಒಂದು ಹನಿ ಸ್ಲೈಡಿನ ಮೇಲೆ ಎಳೆದು ಮೈಕ್ರೋಸ್ಕೋಪಲ್ಲಿ ನೋಡಬೇಕು, ಅನುಮಾನ ಇದ್ದರೆ ಮತ್ತೆ ರಕ್ತ ತೆಗೀಬೇಕು, ಅಂತ ಹೇಳುತ್ತಿದ್ದೆ. ಅಪ್ಪ ನಡುವೆ ಬಂದರು. "ಅದೆಲ್ಲ ಇರಲಿ, ಸಂಬಳ ಎಷ್ಟು ಬರುತ್ತೆ ಕೇಳು."

ಸಂಬಳ ಕೇಳುವುದು ತಪ್ಪಲ್ಲ. ಶುರುವಿನಲ್ಲಿ ಕಡಿಮೆಯೇ, ಸುಳ್ಳು ಯಾಕೆ ಹೇಳಲಿ. ಆದರೆ ಮಕ್ಕಳನ್ನು ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ ಅನ್ನಿಸುತ್ತೆ. ನಿನಗೆ ಏನನ್ನು ತಡ್ಕೊಳ್ಳೋಕೆ ಆಗಲ್ಲ? ಲ್ಯಾಬಿಗೆ ಬಂದರೆ ರಕ್ತ ದೊಡ್ಡ ವಿಷಯವೇ ಅಲ್ಲ. ಕಫದ ಡಬ್ಬಿ ಮುಚ್ಚಳ ತೆಗೆಯುವುದು ಇದೆ, ಮಲದ ಸ್ಯಾಂಪಲ್ ಇದೆ, 24 ಗಂಟೆ ಹಿಡಿದಿಟ್ಟ ಮೂತ್ರದ ಕ್ಯಾನು ಇದೆ. ನನಗೆ ಅದು ಪರವಾಗಿಲ್ಲ. ಆದರೆ ಫಿಸಿಯೋಥೆರಪಿಯವರ ಕೆಲಸ ನನ್ನಿಂದ ಆಗದು. ಸ್ಟ್ರೋಕ್ ಆದ ಒಬ್ಬರು ಒಂದು ಬೆರಳು ಎತ್ತಲಿ ಅಂತ ವಾರಗಟ್ಟಲೆ ಕಾಯಬೇಕು, ನಗುನಗುತ್ತಾ ಕಾಯಬೇಕು. ಡಯಾಲಿಸಿಸ್ ಟೆಕ್ನಾಲಜಿ ಓದಿದ ನನ್ನ ಗೆಳತಿಗೆ ಯಂತ್ರದ ಕಷ್ಟ ಇಲ್ಲ. ಅದೇ ರೋಗಿಗಳು ವಾರಕ್ಕೆ ಎರಡು ಮೂರು ಸಲ ಬಂದು ನಾಲ್ಕು ನಾಲ್ಕು ಗಂಟೆ ಮಲಗುತ್ತಾರೆ, ಅವರ ಮಕ್ಕಳ ಪರೀಕ್ಷೆ ಯಾವಾಗ ಅನ್ನೋದೂ ಇವಳಿಗೆ ಗೊತ್ತಿರುತ್ತೆ. ಒಂದು ದಿನ ಹಾಸಿಗೆ ಖಾಲಿ. ಅದನ್ನು ತಡ್ಕೊಳ್ಳೋಕೆ ಕಲಿಯಲು ಅವಳಿಗೆ ವರ್ಷಗಳೇ ಬೇಕಾದವು.

ಇಷ್ಟು ಯೋಚಿಸಿದ ಮೇಲೆ ಕಾಲೇಜು ಹುಡುಕಿ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯಾ, ಇದ್ದರೆ ಅಲ್ಲಿ ರೋಗಿಗಳು ಇದ್ದಾರಾ? ಬ್ರೋಷರ್ ನೋಡಬೇಡಿ, ಬೆಳಿಗ್ಗೆ ಹತ್ತಕ್ಕೆ ಹೋಗಿ ಹೊರರೋಗಿಗಳ ಸಾಲು ನೋಡಿ. ಸಾಲೇ ಇಲ್ಲದ ಕಡೆ ನಿಮ್ಮ ಮಗ ಯಾರ ಮೇಲೆ ಕಲೀತಾನೆ? ಕೊನೆಯ ವರ್ಷದ ಹುಡುಗರನ್ನು ಕ್ಯಾಂಟೀನಲ್ಲಿ ಹಿಡಿದು ಕೇಳಿ, ಕೈಯಾರೆ ಏನೇನು ಮಾಡಿದ್ದೀರಾ ಅಂತ. ಸೀಟು ಕೊಡಿಸ್ತೀನಿ, ಈಗಲೇ ಅಡ್ವಾನ್ಸ್ ಕಟ್ಟಿ ಅಂತ ಫೋನ್ ಮಾಡುವವರ ನಂಬರ್ ಬ್ಲಾಕ್ ಮಾಡಿ.

ಆವತ್ತು ಅಪ್ಪನ ಕೈಗೆ ಹತ್ತಿ ಇಟ್ಟು, ಮೊಣಕೈ ಮಡಚಬೇಡಿ, ನೇರ ಇಟ್ಟು ಒತ್ತಿ ಹಿಡೀರಿ ಅಂದೆ. ಎಲ್ಲರಂತೆ ಅವರೂ ಮಡಚಿದರು. ಮಗಳು ಅವರ ಕೈ ನೆಟ್ಟಗೆ ಮಾಡಿ, ಹತ್ತಿಯ ಮೇಲೆ ತನ್ನ ಹೆಬ್ಬೆರಳಿಟ್ಟು ಒತ್ತಿದಳು. ನಾನು ಮುಂದಿನ ಟೋಕನ್ ಕೂಗಿದೆ.