ಅದು ಕೋಳಿ ಅಲ್ಲ, ಬಾಗಿಲು

"ಅದು ಹೆಣ್ಣು ಕೋಳಿ ಅಲ್ಲ ಮಗಾ, ಬಾಗಿಲು" ಅಂದ ಮುದುಕ.

ಶುಕ್ರವಾರ ಸಂಜೆ ಹೇಳಿದ್ದು. ಇವತ್ತು ಬುಧವಾರ. ಮೀಟಿಂಗಲ್ಲಿ ಕೂತ್ರೂ ಅದೇ, ಪಾತ್ರೆ ತೊಳೀತಾ ನಿಂತ್ರೂ ಅದೇ. ಅವನು ಕೆಟ್ಟದಾಗೇನೂ ಹೇಳ್ಲಿಲ್ಲ, ನಗ್ತಾನೇ ಹೇಳಿದ್ದು. ಆದ್ರೆ ಹನ್ನೊಂದು ವರ್ಷದಿಂದ ಟರ್ಕಿ ಕಾಲ್ (ಬೇಟೆಗಾರರು ಟರ್ಕಿ ಕೋಳಿ ಥರ ಕೂಗ್ಸಿ ಅದನ್ನ ಹತ್ರ ಕರೆಯೋ ಸಾಮಾನು) ಕಲೆಕ್ಟ್ ಮಾಡ್ತಿರೋನಿಗೆ, ಮನೇಲಿ ಗಾಜಿನ ಷೋಕೇಸಲ್ಲಿ 23 ಇಟ್ಕೊಂಡು ಬಂದವರಿಗೆಲ್ಲ ತೋರಿಸೋನಿಗೆ, ಹಾಗೆ ಹೇಳ್ಬಾರ್ದು.

ಆ ಮುದುಕ ಕೈಯಲ್ಲಿ ಮಾಡೋ ಡಬ್ಬದ ಕಾಲ್‌ಗೆ 14 ತಿಂಗಳು ಕಾದಿದ್ದೆ. ಅಮೆರಿಕದ ನ್ಯಾಶ್‌ವಿಲ್‌ನಿಂದ ಪೂರ್ವಕ್ಕೆ, ಕಂಬರ್‌ಲ್ಯಾಂಡ್ ಪ್ರಸ್ಥಭೂಮಿ ಕಡೆ, ಮನೆ ಹಿಂದೆ ಒಂದು ಶೆಡ್, ಅಷ್ಟೇ ಅವನ ಕಾರ್ಖಾನೆ. ಫೋನ್ ಮಾಡಿದ್ರೆ ಹೆಂಡ್ತಿ ಎತ್ತಿ ನೋಟ್‌ಬುಕ್ಕಲ್ಲಿ ಬರ್ಕೋತಾಳೆ. ನನ್ನ ಹೆಸರು ಮೂರು ಸಲ ಸ್ಪೆಲ್ಲಿಂಗ್ ಕೇಳಿ, ಸಾಕಾಗಿ "ನ್ಯಾಶ್‌ವಿಲ್ಲಿನ ಇಂಡಿಯನ್" ಅಂತ ಬರ್ಕೊಂಡಿದ್ಲಂತೆ. ಡಬ್ಬದ ತಳದಲ್ಲಿ ಪೆನ್ಸಿಲಲ್ಲಿ ಅದೇ ಬರ್ದಿತ್ತು, ಪಕ್ಕದಲ್ಲಿ ನಂಬರು, ಅವನ ಸಹಿ.

ಸಸ್ಯಾಹಾರಿ ಹವ್ಯಕರ ಹುಡುಗನಿಗೆ ಬೇಟೆ ಸಾಮಾನು ಯಾಕೆ ಅಂತ ಎಲ್ರೂ ಕೇಳ್ತಾರೆ. ಕಾರಣ ಬೀಟೆ ಮರ. ಇಲ್ಲಿಗೆ ಬಂದ ಹೊಸದ್ರಲ್ಲಿ ಒಂದು ಫ್ಲೀ ಮಾರ್ಕೆಟ್ಟಲ್ಲಿ ಸಣ್ಣ ತಟ್ಟೆ ಥರದ್ದು, ಮೇಲೆ ಸ್ಲೇಟ್ ಕಲ್ಲು, ಜೊತೆಗೊಂದು ಮರದ ಕಡ್ಡಿ ಸಿಕ್ತು. ಏನಿದು ಅಂದ್ರೆ ಅಂಗಡಿಯವ, ಪಾಟ್ ಕಾಲ್, ಕಡ್ಡೀಲಿ ಕಲ್ಲು ಗೀರಿದ್ರೆ ಟರ್ಕಿ ಕೂಗತ್ತೆ, ಕಡ್ಡಿ ಈಸ್ಟ್ ಇಂಡಿಯನ್ ರೋಸ್‌ವುಡ್ ಅಂದ. ಮೂಸಿ ನೋಡಿದೆ. ಶಿರಸಿ ಹತ್ರದ ನಮ್ಮ ಅಜ್ಜನ ಮನೆಯ ತೂಗುಮಂಚ! ಊರಲ್ಲಿ ಬೀಟೆ ಮರ ಕಡಿಯೋಕೆ ಫಾರೆಸ್ಟ್‌ನೋರ ಪರ್ಮಿಷನ್ ಬೇಕು, ಇಲ್ಲಿ ಯಾರೋ ಕೋಳಿ ಕೂಗ್ಸೋಕೆ ಅದರ ಕಡ್ಡಿ ಮಾಡಿದಾನೆ. 12 ಡಾಲರ್ ಕೊಟ್ಟು ತಂದೆ. ಹುಚ್ಚು ಅಲ್ಲಿಂದ ಶುರು.

ಆಮೇಲೆ ಓದ್ತಾ ಹೋದೆ. ಹಳೇ ಕಾಲದವರು ಟರ್ಕಿಯ ರೆಕ್ಕೆಯದೇ ಮೂರು ಮೂಳೆ ಒಂದಕ್ಕೊಂದು ಸೇರ್ಸಿ ಪೀಪಿ ಥರ ಮಾಡಿ ಗಾಳಿ ಎಳೀತಿದ್ರು. ಊದೋದಲ್ಲ, ಮುತ್ತು ಕೊಟ್ಟಂಗೆ ಒಳಗೆ ಎಳ್ಯೋದು. 1897ರಲ್ಲಿ ಅರ್ಕಾನ್ಸಾದ ಡಾರ್ಡನೆಲ್ ಊರಿನ ಹೆನ್ರಿ ಗಿಬ್ಸನ್ ಬಾಕ್ಸ್ ಕಾಲ್‌ಗೆ ಪೇಟೆಂಟ್ ತಗೊಂಡ. ಸೌತ್ ಕೆರೊಲೈನಾದ ನೀಲ್ ಕಾಸ್ಟ್ ಅನ್ನೋನು ಮಾಡಿದ ದೋಣಿ ಹುಟ್ಟಿನಂಥ ಉದ್ದ ಕಾಲ್‌ಗಳಿಗೆ ಈಗ ಸಾವಿರಾರು ಡಾಲರ್. ಪ್ರತಿ ಫೆಬ್ರವರಿ ನ್ಯಾಶ್‌ವಿಲ್ಲಲ್ಲಿ ವೈಲ್ಡ್ ಟರ್ಕಿ ಫೆಡರೇಷನ್ನಿನ ಜಾತ್ರೆ, ಕೂಗೋರಿಗೂ ಕಾಂಪಿಟಿಷನ್, ಕಾಲ್ ಮಾಡೋರಿಗೂ ಕಾಂಪಿಟಿಷನ್. ಅಲ್ಲೇ ನನ್ನಂಥ ಕಲೆಕ್ಟರ್‌ಗಳೂ ಸಿಗೋದು. ಒಬ್ಬ ಇದಾನೆ, ವಯಸ್ಸಾದ ಮೇಕರ್ ಕೆಮ್ಮಿದ್ರೆ ಸಾಕು ಹತ್ತು ಆರ್ಡರ್ ಮಾಡ್ತಾನೆ, ಸತ್ಮೇಲೆ ರೇಟ್ ಏರತ್ತಲ್ಲ ಅಂತ. ಅವನ ಜೊತೆ ಕಾಫಿ ಕುಡ್ದಿದೀನಿ ಅನ್ನೋದಕ್ಕೇ ನಂಗೆ ನಾಚಿಕೆ. ಹಂಗಂತ ನಾನೇನು ದೊಡ್ಡ ಮನುಷ್ಯ? ಅವನು ಮಾರ್ತಾನೆ, ನಾನು ಬೀಗ ಹಾಕಿಡ್ತೀನಿ.

ಸರಿ, ಶುಕ್ರವಾರಕ್ಕೆ ಬರ್ತೀನಿ. ವಾಲ್‌ನಟ್ ಡಬ್ಬ, ಚೆರ್ರಿ ಮುಚ್ಚಳ. ನೋಡೋಕೆ ಏನಿಲ್ಲ, ಉದ್ದಕ್ಕಿರೋ ಒಂದು ಪುಟ್ಟ ಪೆಟ್ಟಿಗೆ, ಒಂದು ತುದೀಲಿ ಸ್ಕ್ರೂ ಹಾಕಿ ಕೂರ್ಸಿದ ಮುಚ್ಚಳ, ಅದಕ್ಕೊಂದು ಹಿಡಿ. ಮುಚ್ಚಳದ ಅಡಿ ಸ್ವಲ್ಪ ಉಬ್ಬು. ಅದಕ್ಕೆ ಸೀಮೆಸುಣ್ಣ ಬಳ್ದು ಪೆಟ್ಟಿಗೆಯ ತೆಳು ಅಂಚಿನ ಮೇಲೆ ಎಳೆದ್ರೆ ಸ್ವರ. ಆ ಅಂಚು ಎಷ್ಟು ತೆಳು ಇರ್ಬೇಕು ಅನ್ನೋದೇ ಇಡೀ ವಿದ್ಯೆ. ಮುದುಕ ಮೂರು ಸಲ ಮರಳು ಕಾಗದ ಉಜ್ತಾನೆ, ಕೂಗಿಸ್ತಾನೆ, ತಲೆ ಅಲ್ಲಾಡಿಸ್ತಾನೆ, ಮತ್ತೆರಡು ಸಲ ಉಜ್ತಾನೆ. ಹೆಣ್ಣು ಟರ್ಕಿಯ ಯೆಲ್ಪ್ ಇದ್ಯಲ್ಲ, ಅದು ಮೇಲಿನ ಸ್ವರದಲ್ಲಿ ಶುರುವಾಗಿ ಕೆಳಗೆ ಒಡೀಬೇಕು, ಒಡ್ದು ಸ್ವಲ್ಪ ಗೊಗ್ಗರು ಆಗ್ಬೇಕು. ಅವನು ಎಳೆದ್ರೆ ಹಾಗೇ ಒಡೀತು. ನನ್ನ ಕೈಗೆ ಕೊಟ್ಟ. ನಾನು ಎಳೆದೆ. ಕಿರ್‌ರ್‌ರ್.

"ಅದು ಹೆಣ್ಣು ಕೋಳಿ ಅಲ್ಲ ಮಗಾ, ಬಾಗಿಲು."

ಆಮೇಲೆ ಕೇಳಿದ, ನಿಜವಾದ ಟರ್ಕಿ ಕೂಗಿದ್ದು ಕೇಳಿದ್ಯಾ ಅಂತ. ಕಾಡಲ್ಲಿ? ಇಲ್ಲ. ಹನ್ನೊಂದು ವರ್ಷದಲ್ಲಿ ಒಂದು ಸಲಾನೂ? ಇಲ್ಲ. ಡಬ್ಬ ನನ್ನ ಕೈಯಿಂದ ವಾಪಸ್ ತಗೊಂಡು ಬೆಂಚ್ ಮೇಲೆ ಇಟ್ಟ. ನಾಳೆ ಬೆಳಿಗ್ಗೆ ನಾಲ್ಕೂವರೆಗೆ ಬಾ, ಆಮೇಲೆ ತಗೊಂಡ್ಹೋಗು. ದುಡ್ಡು ಕೊಟ್ಟೋನು ನಾನು, ಗದರ್ಸೋನು ಅವನು. ಮೋಟೆಲಲ್ಲಿ ನಿದ್ದೇನೇ ಬರ್ಲಿಲ್ಲ, ಅವನು ಗನ್ ತಂದ್ರೆ ಏನ್ಮಾಡೋದು, ಹಕ್ಕಿ ಬಂದ್ರೆ ಏನ್ಮಾಡೋದು, ಅಮ್ಮಂಗೆ ಏನ್ ಹೇಳೋದು.

ತಂದಿದ್ದ. ಏಪ್ರಿಲ್ ಅಲ್ವಾ, ಸೀಸನ್. ಒಂದು ದೊಡ್ಡ ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತ್ವಿ, ಅವನ ಹಳೇ ಜಾಕೆಟ್ ನನಗೆ ಅರ್ಧ ಮೊಣಕಾಲಿನ ತನಕ. ಟರ್ಕಿಗೆ ಕಣ್ಣು ಭಾರೀ ಚುರುಕು, ರೆಪ್ಪೆ ಬಿಟ್ರೆ ಏನೂ ಅಲ್ಲಾಡಿಸ್ಬೇಡ ಅಂದ. ಕತ್ತಲಲ್ಲೇ ಬಾಯಿಂದ ಗೂಬೆ ಥರ ಕೂಗಿದ. ಬ್ಯಾರ್ಡ್ ಔಲ್ ಅಂತ, ಇವರ ಕಿವಿಗೆ ಅದು 'ನಿನಗೆ ಯಾರು ಅಡಿಗೆ ಮಾಡ್ತಾರೆ' ಅಂದಂಗೆ ಕೇಳತ್ತಂತೆ. ತಕ್ಷಣ ಎಲ್ಲೋ ಮರದ ಮೇಲಿಂದ, ಗಳಗಳಗಳಗಳ! ನನ್ನ ಬೆನ್ನುಹುರಿ ಜುಂ ಅಂತು. ಒಂದು ಸೀಸೆಯಿಂದ ಗುಡುಗು ಸುರಿದಂಗೆ ಇತ್ತು, ಅದಕ್ಕಿಂತ ಸರಿಯಾದ ಮಾತು ನಂಗೆ ಬರ್ತಿಲ್ಲ.

ಮುದುಕ ನನ್ನ ಡಬ್ಬದಲ್ಲೇ ಮೆಲ್ಲಗೆ ನಾಲ್ಕು ಸಲ ಎಳೆದ. ಗಂಡು ಉತ್ತರ ಕೊಡ್ತು. ಪ್ರಕೃತೀಲಿ ಹೆಣ್ಣೇ ಗಂಡಿನ ಹತ್ರ ಹೋಗೋದು, ಇಲ್ಲಿ ಗಂಡನ್ನ ಹೆಣ್ಣಿನ ಹತ್ರ ಬರಿಸ್ಬೇಕು, ಅದಕ್ಕೇ ಇಷ್ಟು ಕಷ್ಟ. ನಮ್ಮ ಬಯಲುಸೀಮೇಲಿ ಮೊದಲೆಲ್ಲ ಪಂಜರದಲ್ಲಿ ಸಾಕಿದ ಗೌಜಲಹಕ್ಕಿ ಕೂಗ್ಸಿ ಕಾಡಿನದನ್ನ ಹಿಡೀತಿದ್ರಲ್ಲ, ಅದಕ್ಕೂ ಇದಕ್ಕೂ ವ್ಯತ್ಯಾಸ ಅಂದ್ರೆ ಇಲ್ಲಿ ಪಂಜರದ ಹಕ್ಕಿ ಜಾಗದಲ್ಲಿ ಒಬ್ಬ ಮುದುಕ. 1930ರ ಹೊತ್ತಿಗೆ ಇಡೀ ಅಮೆರಿಕದಲ್ಲಿ ಸುಮಾರು 2 ಲಕ್ಷ ಉಳಿದಿದ್ದ ಕಾಡುಟರ್ಕಿ, ಬಲೆ ಹಾಕಿ ಹಿಡಿದು ಬೇರೆ ಬೇರೆ ಕಾಡಿಗೆ ಬಿಟ್ಟೂ ಬಿಟ್ಟೂ ಈಗ 60 ಲಕ್ಷದ ಹತ್ರ. ಅವನ ಅಪ್ಪ ಸಾಯೋ ತನಕ ಈ ಗುಡ್ಡದಲ್ಲಿ ಒಂದೂ ಕೇಳಿರ್ಲಿಲ್ಲವಂತೆ.

ಬೆಳಕು ಹರೀತು. ಗಂಡು ಕೆಳಗಿಳೀತು, ಬರ್ತಾ ಇದೆ, ಹತ್ರ, ಇನ್ನೂ ಹತ್ರ, ಮುದುಕನ ಬೆರಳು ಗನ್ ಕಡೆ ಸರೀತು, ನಾನು ಮನಸಲ್ಲೇ ಮಂಜುಗುಣಿ ವೆಂಕಟರಮಣನಿಗೆ ಹರಕೆ ಹೊತ್ಕೋತಿದೀನಿ, ಆಗ ಎಡಗಡೆ ಪೊದೆಯಿಂದ ಒಂದು ಶಬ್ದ.

ಕಿರ್‌ರ್‌ರ್. ಕಿರ್‌ರ್‌ರ್.

ತಾಳ ಇಲ್ಲ, ಸ್ವರ ಒಡೆಯೋದಿಲ್ಲ, ಏನೂ ಇಲ್ಲ. ಥೇಟ್ ಬಾಗಿಲು. ನಂಗನ್ನಿಸಿದ್ದು ಪಕ್ಕದ ಗುಡ್ಡದಲ್ಲಿ ನನ್ನಂಥೋನೇ ಇನ್ನೊಬ್ಬ ಕೂತಿದಾನೆ ಅಂತ. ಪೊದೆಯಿಂದ ಹೊರಗೆ ಬಂದಿದ್ದು ನಿಜವಾದ ಹೆಣ್ಣು ಟರ್ಕಿ. ಗಂಡು ಅಲ್ಲೇ ನಿಂತು ಕುತ್ತಿಗೆ ಎತ್ತಿ, ಬಾಲ ಬಿಚ್ಚಿ, ತಿರುಗಿ ಅವಳ ಹಿಂದೆ ಹೋಯ್ತು. ಮುದುಕ ಇನ್ನೂ ಎರಡು ಸಲ ಎಳೆದ, ಎಂಥಾ ಮಧುರ ಯೆಲ್ಪ್ ಗೊತ್ತಾ, ಫೆಬ್ರವರಿ ಜಾತ್ರೇಲಿ ಪ್ರೈಜ್ ಬರೋ ಅಂಥದ್ದು. ಅದು ತಿರುಗೀನೂ ನೋಡ್ಲಿಲ್ಲ.

ನಾನು ಅವನ ಮುಖ ನೋಡಿದೆ. "ಅವಳಿಗೆ ಯಾರೂ ಹೇಳ್ಕೊಟ್ಟಿಲ್ಲ ನೋಡು" ಅಂದ, ಸೀಮೆಸುಣ್ಣ ಜೇಬಿಗೆ ಹಾಕ್ತಾ. ನಿನ್ನೆ ಹೇಳಿದ್ದನ್ನ ವಾಪಸ್ ತಗೊಂಡನಾ? ಇಲ್ಲ. ಅಂಥ ಜಾತಿ ಅಲ್ಲ ಅವನು.

ವಾಪಸ್ ಬರ್ತಾ ದಾರಿಯುದ್ದಕ್ಕೂ ಮಗಳ ಯೋಚನೆ. ಯಾಕೆ ಅಂದ್ರೆ ಯಾಕೋ. ಅವಳಿಗೆ ಒಂಬತ್ತು, 'ಳ' ಬರಲ್ಲ, ಬಾಲೆಹಣ್ಣು ಅಂತಾಳೆ, ನಾನು ಪ್ರತಿ ಸಲ ಮಧ್ಯ ನಿಲ್ಲಿಸಿ ತಿದ್ತೀನಿ, ಈಗೀಗ ನನ್ನೆದುರು ಇಂಗ್ಲಿಷೇ. ಕನ್ನಡ ಕೂಟದ ವಚನ ಸ್ಪರ್ಧೆಗೆ ನಾನೇ ಜಡ್ಜ್. ಹೋದ ವರ್ಷ ಫಸ್ಟ್ ಪ್ರೈಜ್ ಬಂದ ಹುಡುಗ ಎಂಟು ವಚನ ಅಕ್ಷರ ತಪ್ಪದೆ ಹೇಳಿದ, ಸ್ಟೇಜಿಂದ ಇಳಿದ್ಮೇಲೆ ಊಟ ಆಯ್ತಾ ಪುಟ್ಟಾ ಅಂದ್ರೆ ಅಮ್ಮನ ಮುಖ ನೋಡ್ದ. ನನ್ನ ಮಗಳಿಗೆ ನಾನೇ ಏಳನೇ ಸ್ಥಾನ ಕೊಟ್ಟಿದ್ದೆ, ನಿಷ್ಪಕ್ಷಪಾತಿ ಅನ್ನಿಸ್ಕೋಬೇಕಲ್ಲ. ಅದೇ ಮಗಳು ಭಾನುವಾರ ಊರಲ್ಲಿರೋ ನಮ್ಮಮ್ಮನ ಜೊತೆ ವಿಡಿಯೋ ಕಾಲಲ್ಲಿ ಮುಕ್ಕಾಲು ಗಂಟೆ ಮಾತಾಡ್ತಾಳೆ, ಕೊಟ್ಟಿಗೆಯ ಕರುವಿನ ಹೆಸರಿನಿಂದ ಹಿಡಿದು ಎಲ್ಲ. ನಮ್ಮಮ್ಮ ಒಂದು ಸಲಾನೂ 'ಏನಂದೆ?' ಅಂದಿದ್ದು ನಾನು ಕೇಳಿಲ್ಲ. ನಾನಿದೀನಲ್ಲ, ನಾನು ಅಲ್ಲಿ ಹೋಗಿ ನಿಂತ ತಕ್ಷಣ ಮಾತ್ರ ಅವಳು ಫೋನ್ ಎತ್ಕೊಂಡು ರೂಮಿಗೆ ಹೋಗ್ತಾಳೆ.

24ನೇ ಕಾಲ್ ಷೋಕೇಸಿಗೆ ಹೋಗಿಲ್ಲ. ಕಾರಲ್ಲಿ ಕಿರುಗುಟ್ಟದೇ ಇರ್ಲಿ ಅಂತ ಮುದುಕ ಸುತ್ತಿಕೊಟ್ಟ ರಬ್ಬರ್ ಬ್ಯಾಂಡ್ ಸಮೇತ ಹಿತ್ತಲ ಬಾಗಿಲ ಹತ್ರ ಚಪ್ಪಲಿ ಸ್ಟ್ಯಾಂಡ್ ಮೇಲೆ ಇದೆ. ಎಣ್ಣೆ ಕೈ ಮಾತ್ರ ತಾಗಿಸ್ಬೇಡ, ಎಣ್ಣೆ ಬಿದ್ರೆ ಸ್ವರ ಸತ್ತಂಗೆ ಅಂದಿದಾನೆ. ಆ ಹಿತ್ತಲ ಬಾಗಿಲಿಗೆ ಎಣ್ಣೆ ಬಿಡಿ, ಕಿರುಗುಟ್ಟತ್ತೆ ಅಂತ ನಮ್ಮನೆಯವಳು ಎರಡು ತಿಂಗಳಿಂದ ಬಡ್ಕೋತಿದಾಳೆ. ಈ ವಾರ ಅಂತೂ ಬಿಡಲ್ಲ.