ಬೇಗೂರಿನ ಕಲ್ಲು ನೋಡದೆ ಬೆಂಗಳೂರಿಂದ ವಾಪಸ್ ಬರಬೇಡಿ

ಹಳೆ ಬೆಂಗಳೂರು ನೋಡಲು ಹೊರಟಿದ್ದೀರಾ? ಹಾಗಾದರೆ 'ಕೆಂಪೇಗೌಡರ ಬೆಂಗಳೂರು' ಅಂತ ಮಾರುವ ಕಾರಿನ ಪ್ಯಾಕೇಜ್ ಮಾತ್ರ ತಗೊಳ್ಳಬೇಡಿ. ಗಾಂಧಿನಗರದಲ್ಲಿ ನಾವು ಇಳಿದುಕೊಂಡಿದ್ದ ಲಾಡ್ಜಿನ ಕೌಂಟರಿನಲ್ಲೇ ಅದನ್ನು ನಮ್ಮ ತಲೆಗೆ ಕಟ್ಟಿದರು. 3,200 ರೂಪಾಯಿ, ಅದೂ ಮುಂಗಡ. ಕಾರು ಮೊದಲು ನಿಂತಿದ್ದು ವಿಧಾನಸೌಧದ ಮುಂದೆ. ಅದು ಕಟ್ಟಿ ಮುಗಿದಿದ್ದೇ 1956ರಲ್ಲಿ. ಆಮೇಲೆ 19ನೇ ಶತಮಾನದ ಅರಮನೆ. ಆಮೇಲೆ ಟಿಪ್ಪುವಿನ ಬೇಸಿಗೆ ಅರಮನೆ. ನಡುವೆ ಒಂದು ಸೀರೆ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಕೂರಿಸಿದರು. ಕೆಂಪೇಗೌಡರು ಊರು ಕಟ್ಟಿದ್ದು 1537ರಲ್ಲಿ. ಆ ಕಾಲದ ಒಂದು ಜಾಗವನ್ನೂ ತೋರಿಸಲಿಲ್ಲ. ಕೇಳಿದರೆ ಡ್ರೈವರ್, 'ಪೇಟೆ ಒಳಗೆ ಕಾರು ಹೋಗಲ್ಲ ಸಾರ್' ಅಂದರು. ಅವರು ಹೇಳಿದ್ದು ಸರಿಯೇ. ಆದರೆ ಕೌಂಟರಿನವರು ದುಡ್ಡು ಎಣಿಸಿಕೊಳ್ಳುವಾಗಲೇ ಇದನ್ನು ಹೇಳಬೇಕಿತ್ತು. ನನಗೆ ಈಗಲೂ ಸಿಟ್ಟಿದೆ.

ಕಾರು ಬೇಡವೇ ಬೇಡ. ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿಯಿರಿ, ಅಲ್ಲಿಂದ ನಡೆಯಿರಿ. ದೊಡ್ಡಪೇಟೆ ಅಂದರೆ ಈಗಿನ ಅವೆನ್ಯೂ ರಸ್ತೆ. ಅದು ಚಿಕ್ಕಪೇಟೆ ರಸ್ತೆಯನ್ನು ಕೂಡುವ ಜಾಗಕ್ಕೆ ಹೋಗಿ ನಿಲ್ಲಿ. ಇಲ್ಲಿಂದಲೇ ನಾಲ್ಕು ದಿಕ್ಕಿಗೆ ನೇಗಿಲು ಕಟ್ಟಿದ ಎತ್ತುಗಳನ್ನು ಹೊಡೆಸಿದರು, ಆ ಗೆರೆಗಳೇ ಊರಿನ ಬೀದಿಗಳಾದವು ಅಂತ ಕಥೆ ಇದೆ. ಆಗ ಕೆಂಪೇಗೌಡರು ವಿಜಯನಗರದ ಅಚ್ಯುತದೇವರಾಯನ ಕೆಳಗಿನ ಯಲಹಂಕದ ನಾಡಪ್ರಭು. ಮಣ್ಣಿನ ಕೋಟೆ ಕಟ್ಟಿಸಿ, ಒಳಗೆ ಒಂದೊಂದು ಕಸುಬಿಗೆ ಒಂದೊಂದು ಪೇಟೆ ಮಾಡಿಕೊಟ್ಟರು. ಅರಳೆಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಬೋರ್ಡು ಓದುತ್ತಾ ಹೋದರೆ ಸಾಕು, ಯಾವ ಗೈಡೂ ಬೇಡ. ಆ ಕೋಟೆ ಈಗ ಇಲ್ಲ. ಕೆ.ಆರ್. ಮಾರ್ಕೆಟ್ ಹತ್ತಿರ ಕಾಣುವ ಕಲ್ಲಿನ ಕೋಟೆ ಹೈದರಾಲಿ 1761ರಲ್ಲಿ ಕಟ್ಟಿಸಿದ್ದು, ಅದನ್ನೇ ಕೆಂಪೇಗೌಡರ ಕೋಟೆ ಅಂದುಕೊಳ್ಳಬೇಡಿ.

ಭಾನುವಾರ ಹೋಗಿ, ಖಾಲಿ ಇರುತ್ತೆ ಅಂತ ತುಂಬಾ ಜನ ಹೇಳುತ್ತಾರೆ. ನನ್ನ ಮಾತು ಕೇಳಿ, ವಾರದ ದಿನವೇ ಹೋಗಿ, ಬೆಳಗ್ಗೆ ಹನ್ನೊಂದರ ಹೊತ್ತಿಗೆ. ಕೈಗಾಡಿಯವರು 'ಸೈಡು, ಸೈಡು' ಅಂತ ಕೂಗುತ್ತಾರೆ. ಮೂಟೆ ಹೊತ್ತ ಹಮಾಲರು ಮೈಗೆ ತಾಗಿಕೊಂಡೇ ಹೋಗುತ್ತಾರೆ. ವ್ಯಾಪಾರಕ್ಕೆ ಅಂತಲೇ ಕಟ್ಟಿದ ಊರು ಇದು. ಅಂಗಡಿಗಳು ಬಾಗಿಲು ಹಾಕಿದ್ದಾಗ ನೋಡಿದರೆ ಏನು ಸಿಗುತ್ತೆ? ನೂಕುನುಗ್ಗಲು ಆಗದವರು ಲಾಲ್‌ಬಾಗಿಗೆ ಹೋಗಿ, ಬಂಡೆ ಹತ್ತಿ ಕೆಂಪೇಗೌಡರ ಹೆಸರಿನ ಗಡಿ ಗೋಪುರ ನೋಡಿ. ಗೋಪುರಕ್ಕಿಂತ ಬಂಡೆಯೇ ದೊಡ್ಡ ವಿಷಯ, ಅದಕ್ಕೆ ಸುಮಾರು 300 ಕೋಟಿ ವರ್ಷ. ಹಲಸೂರು ಕೆರೆ ಕಡೆಯ ಇಂಥದೇ ಗೋಪುರ ಸೇನೆಯವರ ಜಾಗದಲ್ಲಿದೆ, ಸುಮ್ನೆ ಹೋದರೆ ಬಿಡುವುದಿಲ್ಲ.

ಹಸಿವಾದರೆ ಬಳೇಪೇಟೆ ಕಡೆಯ ಅಡ್ಡರಸ್ತೆಗಳಿಗೆ ನುಗ್ಗಿ. ಅಲ್ಲೊಂದು ನಿಂತು ತಿನ್ನುವ ಹೋಟೆಲ್. ಬೋರ್ಡಿನ ಬಣ್ಣ ಪೂರ್ತಿ ಹೋಗಿದೆ, ಹೆಸರು ಓದಲು ಆಗುವುದಿಲ್ಲ. ಬಾಗಿಲಲ್ಲಿ ಹಮಾಲರು ಗುಂಪಾಗಿ ನಿಂತಿರುತ್ತಾರೆ, ಅದೇ ಗುರುತು. ತಟ್ಟೆ ಇಡ್ಲಿ ತಗೊಳ್ಳಿ. ಬೆರಳಲ್ಲಿ ಒತ್ತಿದರೆ ಮೆಲ್ಲಗೆ ಮೇಲೇಳುವಷ್ಟು ಮೆತ್ತಗೆ. ಮೇಲೆ ಒಂದು ಉಂಡೆ ಬೆಣ್ಣೆ, ಅದು ಕರಗಿ ಅಂಚಿಗೆ ಬರುವವರೆಗೆ ಕಾಯಿರಿ. ಚಟ್ನಿಯಲ್ಲಿ ಹುರಿಗಡಲೆ ಕಡಿಮೆ, ಕಾಯಿ ಜಾಸ್ತಿ, ಹಸಿಮೆಣಸಿನ ಖಾರ ಕಿವಿಗೆ ಏರುತ್ತೆ. ಎರಡನೇ ಸಲ ಕೇಳಿದರೆ ಮುಖ ಸಿಂಡರಿಸದೆ ಹಾಕುತ್ತಾರೆ. ಖಾರಾಬಾತ್ ಹತ್ತು ಗಂಟೆಯೊಳಗೆ ಮುಗಿದುಹೋಗುತ್ತೆ, ಬೇಕಿದ್ದರೆ ಬೇಗ ಹೋಗಿ. ಕಾಫಿ ಸ್ಟೀಲ್ ಲೋಟದಲ್ಲಿ, ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ. ಇಬ್ಬರು ಹೊಟ್ಟೆ ತುಂಬ ತಿಂದರೂ ಬಿಲ್ಲು 150 ದಾಟಲಿಲ್ಲ. ಲಾಡ್ಜಿನ ಎದುರಿನ ಏಸಿ ಹೋಟೆಲಿನಲ್ಲಿ ಅಷ್ಟೇ ದುಡ್ಡಿಗೆ ಒಂದೇ ಒಂದು ದೋಸೆ.

ಇನ್ನು ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರು. ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ಇದು. ಅಲ್ಲಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಒಂದು ಶಾಸನ ಇದೆ. ಸುಮಾರು 890ರದ್ದು, ಗಂಗರ ಕಾಲದ್ದು. ಬೆಂಗಳೂರಿನ ಕಾಳಗದಲ್ಲಿ ಗಂಗರ ಅಧಿಕಾರಿ ನಾಗತ್ತರನ ಕಡೆಯವರು ಸತ್ತ ಸುದ್ದಿ ಅದರಲ್ಲಿದೆ. ಅಂದರೆ ಕೆಂಪೇಗೌಡರಿಗಿಂತ ಆರುನೂರು ವರ್ಷಕ್ಕೂ ಹಿಂದೆಯೇ ಬೆಂಗಳೂರು ಎಂಬ ಹೆಸರಿನ ಊರಿತ್ತು, ಅಲ್ಲಿ ಜನ ಹೊಡೆದಾಡಿ ಸತ್ತಿದ್ದರು. ಇಷ್ಟು ದೊಡ್ಡ ವಿಷಯ ಯಾವ ಪ್ಯಾಕೇಜಿನಲ್ಲೂ ಇಲ್ಲ ಅಂದರೆ ಬೇಜಾರಾಗುತ್ತೆ, ಅಲ್ವಾ?

ಬೆಳಗ್ಗೆ ಬೇಗ ಹೋಗಿ. ನೆತ್ತಿ ಮೇಲೆ ಬಿಸಿಲು ಬಂದರೆ ಅಕ್ಷರ ಕಾಣುವುದಿಲ್ಲ, ಬರೀ ಒರಟು ಕಲ್ಲು. ಮೊಬೈಲ್ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ತಾಗುವಷ್ಟು ಹತ್ತಿರ ಹಿಡಿಯಿರಿ. ಗುಂಡುಗುಂಡಾದ ಹಳಗನ್ನಡದ ಅಕ್ಷರಗಳು ಒಂದೊಂದಾಗಿ ಎದ್ದು ಕಾಣುತ್ತವೆ. ನೀರು, ಸೀಮೆಸುಣ್ಣ ಏನೂ ಹಚ್ಚಬೇಡಿ. ಇನ್ನೊಂದು ವಿಷಯ: ಯುದ್ಧದ ಚಿತ್ರ ಕೆತ್ತಿರುವ ಬೇಗೂರಿನ ದೊಡ್ಡ ವೀರಗಲ್ಲು ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿದೆ, ಅದು ಬೇರೆ. ಬೆಂಗಳೂರಿನ ಹೆಸರಿರುವ ಕಲ್ಲು ಬೇಕಿದ್ದರೆ ಬೇಗೂರಿಗೇ ಬರಬೇಕು.

ಮಾರ್ಕೆಟ್ಟಿನಿಂದ ಬಸ್ಸಿನಲ್ಲಿ ಹೋಗುವ ಸಾಹಸ ಬೇಡ. ಸಿಲ್ಕ್ ಬೋರ್ಡ್ ಹತ್ತಿರ ನಮ್ಮ ಬಸ್ಸು ನಿಂತಲ್ಲೇ ನಿಂತಿತ್ತು, ಕೂರಲು ಸೀಟಿಲ್ಲ, ಪಕ್ಕದಲ್ಲಿ ಒಂದು ಮಗು ವಾಂತಿ ಮಾಡಿಕೊಂಡಿತು. ಪೇಟೆಯ ನೂಕುನುಗ್ಗಲು ಎಷ್ಟಿದ್ದರೂ ತಡೆಯುತ್ತೇನೆ, ಇದು ನನ್ನಿಂದ ಆಗದು. ಚಿಕ್ಕಪೇಟೆಯಿಂದ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆ, ಅಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ ಬೊಮ್ಮನಹಳ್ಳಿ. ಅಲ್ಲಿಂದ ಆಟೋ. ಆಟೋ ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ, 'ದೇವಸ್ಥಾನದ ಹತ್ತಿರ' ಅಂತ ಸ್ಪಷ್ಟವಾಗಿ ಹೇಳಿ. ಇಲ್ಲವಾದರೆ ಬೇಗೂರು ರಸ್ತೆಯಲ್ಲೇ ಎಲ್ಲೋ ಇಳಿಸಿಬಿಡುತ್ತಾರೆ.

ಇನ್ನೊಂದು ದಿನ ಬಿಡುವಿದ್ದರೆ ಮಾಗಡಿ ತಾಲ್ಲೂಕಿನ ಕೆಂಪಾಪುರಕ್ಕೆ ಹೋಗಿ ಬನ್ನಿ. ಕೆಂಪೇಗೌಡರ ಸಮಾಧಿ 2015ರಲ್ಲಿ ಬೆಳಕಿಗೆ ಬಂದಿದ್ದು ಅಲ್ಲೇ. ಮಾಗಡಿಯವರೆಗೆ ಬಸ್ಸಿಗೆ ತೊಂದರೆಯಿಲ್ಲ. ಮುಂದಕ್ಕೆ ಆಟೋ ಮಾಡಿದರೆ ಹೋಗಿ ಬರುವುದಕ್ಕೆ ಸೇರಿಸಿಯೇ ಮಾತಾಡಿ, ಅಲ್ಲಿ ಕಾಯುವುದಕ್ಕೂ ಒಪ್ಪಿಸಿಕೊಳ್ಳಿ. ಊಟ ಮಾಗಡಿಯಲ್ಲೇ ಮುಗಿಸಿ ಹೊರಡಿ.